ಎಳೆಯ ನಾಯಿಯ ಸೊಂಟ ನೋವು: ಕಾರಣ ಹುಡುಕುವ ಬಗೆ

ದಬ್ಬೇಘಟ್ಟ, ತುರುವೇಕೆರೆ, ತಿಪಟೂರು ಕಡೆ ನಾಯಿ ಇಲ್ಲದ ತೋಟದ ಮನೆ ಅಪರೂಪ. ಕೊಬ್ಬರಿ ಅಟ್ಟದಲ್ಲಿರುವಾಗ, ಅಡಿಕೆ ಕಣದಲ್ಲಿ ಒಣಗುತ್ತಿರುವಾಗ ರಾತ್ರಿಯ ಕಾವಲು ಅದರದೇ. ಊರ ನಾಯಿಯ ಜೊತೆಗೆ ಈಗ ಆಲ್ಸೇಷಿಯನ್, ಲ್ಯಾಬ್ರಡಾರ್ ಮುಂತಾದ ತಳಿಯ ಮರಿಗಳನ್ನು ಹಣ ಕೊಟ್ಟು ತಂದು ಸಾಕುವವರೂ ಇದ್ದಾರೆ. ಇಂಥ ಮರಿ ಐದಾರು ತಿಂಗಳವರೆಗೆ ಚೆನ್ನಾಗಿ ಆಡಿಕೊಂಡಿದ್ದು, ಒಂದು ಬೆಳಿಗ್ಗೆ ಏಳಲು ಕಷ್ಟಪಡುತ್ತದೆ. ಜಗಲಿ ಹತ್ತುವುದಿಲ್ಲ. ಸೊಂಟ ಮುಟ್ಟಿದರೆ ಕುಂಯ್ ಎನ್ನುತ್ತದೆ. ಗಾಯವಿಲ್ಲ, ಬಿದ್ದದ್ದನ್ನು ಕಂಡವರಿಲ್ಲ.

ಆಗ ಸಾಮಾನ್ಯವಾಗಿ ನಡೆಯುವುದೇನು? ‘ಸೊಂಟ ಬಿದ್ದಿದೆ’ ಎಂದು ಎಣ್ಣೆ ತಿಕ್ಕುತ್ತಾರೆ. ಮನೆಯಲ್ಲಿರುವ ನೋವಿನ ಮಾತ್ರೆ ಕೊಡುತ್ತಾರೆ. ಎರಡು ತಿಂಗಳಾದರೂ ಗುಣವಾಗದಿದ್ದರೆ ಕೆಲಸಕ್ಕೆ ಬಾರದ ನಾಯಿ ಎಂದು ಕೈಬಿಡುತ್ತಾರೆ. ಆದರೆ ಸೊಂಟ ನೋವು ಎಂಬುದು ರೋಗದ ಹೆಸರಲ್ಲ, ಲಕ್ಷಣ ಮಾತ್ರ. ಅದರ ಹಿಂದೆ ಹತ್ತಾರು ಕಾರಣಗಳಿರಬಹುದು. ಅವುಗಳಲ್ಲಿ ಹಲವು ಗುಣವಾಗುವಂಥವು. ಕೆಲವಕ್ಕೆ ಮರಿ ಬೆಳೆಯುತ್ತಿರುವ ಕೆಲವೇ ತಿಂಗಳೊಳಗೆ ಚಿಕಿತ್ಸೆ ಆಗಬೇಕು. ಆದ್ದರಿಂದ ಕಾರಣವನ್ನು ಕ್ರಮವಾಗಿ ಮತ್ತು ಬೇಗ ಹುಡುಕುವುದು ಮುಖ್ಯ.

ಮೊದಲು ಎರಡು ಎಚ್ಚರಿಕೆ

ಒಂದನೆಯದು ಹುಚ್ಚುನಾಯಿ ರೋಗ. ಈ ರೋಗ ಬಂದ ನಾಯಿ ಯಾವಾಗಲೂ ಕಚ್ಚಲು ಓಡಿಬರುತ್ತದೆ ಎಂದು ತಿಳಿಯಬಾರದು. ಮಂಕಾಗಿ ಮೂಲೆ ಸೇರಿ, ಹಿಂಗಾಲು ಬಲ ಕಳೆದುಕೊಂಡು, ದವಡೆ ಜೋತುಬಿದ್ದು, ಜೊಲ್ಲು ಸುರಿಸುವ ಬಗೆಯೂ ಉಂಟು. ಮರಿಗೆ ಲಸಿಕೆ ಹಾಕಿಸಿಲ್ಲದಿದ್ದರೆ, ಕಾಲಿನ ನಿತ್ರಾಣ ದಿನದಿನಕ್ಕೆ ಹೆಚ್ಚುತ್ತಿದ್ದರೆ, ಬೊಗಳುವ ದನಿ ಬದಲಾಗಿದ್ದರೆ ಅದನ್ನು ಮುಟ್ಟಬೇಡಿ, ಬಾಯಿಯೊಳಗೆ ಕೈ ಹಾಕಬೇಡಿ. ಪ್ರತ್ಯೇಕವಾಗಿಟ್ಟು ಪಶುವೈದ್ಯರಿಗೆ ತಿಳಿಸಿ. ಈಗಾಗಲೇ ಕಚ್ಚಿದ್ದರೆ ಅಥವಾ ಜೊಲ್ಲು ಗಾಯಕ್ಕೆ ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪಡೆಯಬೇಕು. ಲಸಿಕೆಯಾದ ನಾಯಿಯೂ ನೋವಿನಲ್ಲಿ ಕಚ್ಚಬಹುದು. ಪರೀಕ್ಷಿಸುವ ಮುನ್ನ ಮೂತಿಗೆ ಬಟ್ಟೆಯ ಪಟ್ಟಿ ಕಟ್ಟುವುದು ಒಳ್ಳೆಯದು.

ಎರಡನೆಯದು ಮಾತ್ರೆ. ಮನುಷ್ಯರಿಗೆ ಕೊಡುವ ಐಬುಪ್ರೊಫೇನ್, ಡೈಕ್ಲೋಫೆನಾಕ್‌ಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತು ಕೆಡುತ್ತದೆ. ಸತ್ತ ದನದ ಮೈಯಲ್ಲಿ ಉಳಿದ ಡೈಕ್ಲೋಫೆನಾಕ್‌ನಿಂದ ರಣಹದ್ದುಗಳು ಅಳಿದುದರಿಂದ, 2006ರಲ್ಲಿ ನಮ್ಮ ದೇಶದಲ್ಲಿ ಪಶುಗಳಿಗಾಗಿ ಆ ಔಷಧ ತಯಾರಿಸುವುದನ್ನೇ ನಿಲ್ಲಿಸಲಾಯಿತು. ಇಷ್ಟಲ್ಲದೆ, ಮಾತ್ರೆ ನುಂಗಿದ ಮರಿ ಎರಡು ದಿನ ಚೆನ್ನಾಗಿ ನಡೆದು ವೈದ್ಯರ ಕಣ್ಣಿಗೆ ಲಕ್ಷಣವನ್ನೇ ಮರೆಮಾಡುತ್ತದೆ.

ಮನೆಯಲ್ಲಿ ನೋಡಬೇಕಾದ್ದು

ಸೊಂಟದ ನೋವೆಂದು ಕಂಡದ್ದು ಪಾದದ ನೋವಾಗಿರಬಹುದು. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ನೋಡುತ್ತ ಬನ್ನಿ. ಬೆರಳ ಸಂದಿಯಲ್ಲಿ ಜಾಲಿ ಮುಳ್ಳು, ತೆಂಗಿನ ಗರಿಯ ಸಿಬಿರು, ಮುರಿದ ಉಗುರು ಇದೆಯೇ? ಹಿಮ್ಮಡಿ, ಮಂಡಿ ಊದಿವೆಯೇ? ಕೂತಾಗ ಒಂದು ಕಾಲನ್ನು ಪಕ್ಕಕ್ಕೆ ಚಾಚಿದರೆ ಮಂಡಿಯ ಮೇಲೆ ಅನುಮಾನ ಪಡಬೇಕು. ಕೂದಲಿನ ಅಡಿಯಲ್ಲಿ ಕಾಡುಹಂದಿ ತಿವಿದ ಅಥವಾ ಬೇರೆ ನಾಯಿ ಕಚ್ಚಿದ ಸಣ್ಣ ತೂತು ಕೀವುಗಟ್ಟಿರಬಹುದು. ಮೇಲಿನಿಂದ ಬಿದ್ದ ಒಂದು ತೆಂಗಿನಕಾಯಿ ಸಾಕು, ಹೊರಗೆ ಗಾಯವಿಲ್ಲದೆ ಒಳಗೆ ಮೂಳೆ ಒಡೆಯಲು.

ಬಳಿಕ ನಡಿಗೆಯನ್ನು ನೋಡಿ. ಎರಡೂ ಹಿಂಗಾಲು ಜೋಡಿಸಿ ಮೊಲದಂತೆ ಕುಪ್ಪಳಿಸುತ್ತದೆಯೇ? ಬೆಳಿಗ್ಗೆ ಬಿಗಿಯಾಗಿದ್ದು ನಡೆದಂತೆ ಸಡಿಲವಾಗುತ್ತದೆಯೇ? ಇಂದು ಈ ಕಾಲು, ಮುಂದಿನ ವಾರ ಇನ್ನೊಂದು ಕಾಲು ಎಂದು ಕುಂಟು ಬದಲಾಗುತ್ತದೆಯೇ? ಒಂದು ತೊಡೆ ಇನ್ನೊಂದಕ್ಕಿಂತ ಸಣ್ಣಗಾಗಿದೆಯೇ? ಗುದದ್ವಾರದಲ್ಲಿ ಜ್ವರಮಾಪಕ ಇಟ್ಟು ಶಾಖ ಅಳೆಯಿರಿ. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಇವನ್ನೆಲ್ಲ ದಿನಾಂಕ ಹಾಕಿ ಒಂದು ಚೀಟಿಯಲ್ಲಿ ಬರೆದಿಟ್ಟರೆ ವೈದ್ಯರಿಗೆ ಅರ್ಧ ಕೆಲಸ ಹಗುರವಾಗುತ್ತದೆ.

ವಯಸ್ಸು ಮತ್ತು ತಳಿ

ಆಲ್ಸೇಷಿಯನ್, ಲ್ಯಾಬ್ರಡಾರ್, ರಾಟ್‌ವೈಲರ್‌ಗಳಂಥ ದೊಡ್ಡ ತಳಿಯ ಮರಿಗೆ ಐದರಿಂದ ಹನ್ನೆರಡು ತಿಂಗಳೊಳಗೆ ಸೊಂಟ ನೋವು ಬಂದರೆ ಮೊದಲು ನೆನಪಿಗೆ ಬರುವುದು ಹಿಪ್ ಡಿಸ್‌ಪ್ಲೇಸಿಯಾ. ನಾಯಿಗಳಲ್ಲಿ ಇದನ್ನು 1935ರಲ್ಲಿ ಅಮೆರಿಕದ ಪಶುವೈದ್ಯ ಷ್ನೆಲ್ಲೆ ವಿವರಿಸಿದರು. ರುಬ್ಬುವ ಕಲ್ಲಿನ ಗುಳಿಯಲ್ಲಿ ಗುಂಡು ಕೂತಂತೆ, ಸೊಂಟದ ಮೂಳೆಯ ಗುಳಿಯಲ್ಲಿ ತೊಡೆಮೂಳೆಯ ಗುಂಡು ಕೂತಿರುತ್ತದೆ. ಗುಳಿ ಆಳವಿಲ್ಲದೆ, ಕೀಲಿನ ಕಟ್ಟು ಸಡಿಲವಾಗಿದ್ದರೆ ಗುಂಡು ಅಲ್ಲಾಡಿ ಅಂಚು ಸವೆಯುತ್ತದೆ. ಇದು ವಂಶಪಾರಂಪರ್ಯವಾಗಿ ಬರುವ ದೋಷ. ಆಹಾರ ಮತ್ತು ಸಾಕಣೆಯಿಂದ ಹೆಚ್ಚು ಕಡಿಮೆಯಾಗುತ್ತದೆ.

ಪಾಮೆರೇನಿಯನ್‌ನಂಥ ಸಣ್ಣ ತಳಿಗಳಲ್ಲಿ ನಾಲ್ಕರಿಂದ ಹನ್ನೆರಡು ತಿಂಗಳೊಳಗೆ ಪರ್ಥಿಸ್ ಎಂಬ ರೋಗ ಬರುತ್ತದೆ. ತೊಡೆಮೂಳೆಯ ಗುಂಡಿಗೆ ರಕ್ತ ಹರಿಯದೆ ಅದು ಒಳಗೇ ಸತ್ತು ಕುಸಿಯುತ್ತದೆ. ಮಕ್ಕಳಲ್ಲಿಯೂ ಈ ರೋಗವುಂಟು. ಲೆಗ್, ಕಾಲ್ವೆ, ಪರ್ಥಿಸ್ ಎಂಬ ಮೂವರು ವೈದ್ಯರು 1910ರಲ್ಲಿ ಬೇರೆ ಬೇರೆಯಾಗಿ ಇದನ್ನು ವರದಿ ಮಾಡಿದರು.

ಕುಂಟು ಕಾಲಿನಿಂದ ಕಾಲಿಗೆ ಬದಲಾಗುತ್ತಿದ್ದು, ಉದ್ದ ಮೂಳೆ ಒತ್ತಿದಾಗ ನೋವಾದರೆ ಅದು ಬೆಳೆಯುವ ಮೂಳೆಗಳ ಉರಿಯೂತವಿರಬಹುದು. ಇದು ಆಲ್ಸೇಷಿಯನ್‌ಗಳಲ್ಲಿ ಹೆಚ್ಚು, ಕಾಲಕ್ರಮದಲ್ಲಿ ತಾನೇ ಗುಣವಾಗುತ್ತದೆ. ಇದ್ದಕ್ಕಿದ್ದಂತೆ ಒಂದೇ ಕಾಲು ನೆಲಕ್ಕೆ ಊರದೆ, ಆ ಕಾಲು ಗಿಡ್ಡವಾದಂತೆ ಕಂಡರೆ ಕೀಲು ತಪ್ಪಿರಬಹುದು ಅಥವಾ ಮೂಳೆಯ ಬೆಳೆಯುವ ತುದಿ ಮುರಿದಿರಬಹುದು. ಇದಕ್ಕೆ ದಿನಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು.

ತಟ್ಟೆಯಲ್ಲಿರುವ ಕಾರಣ

ಬರಿ ಅನ್ನ ಮತ್ತು ಸಾರು, ಅಥವಾ ಮೂಳೆಯಿಲ್ಲದ ಮಾಂಸ ತಿಂದು ಬೆಳೆದ ಮರಿಗೆ ಸುಣ್ಣದ ಅಂಶ ಸಾಲದು. ನೂರು ಗ್ರಾಂ ಅಕ್ಕಿಯಲ್ಲಿ ಸುಣ್ಣದ ಅಂಶ ಸುಮಾರು 10 ಮಿಲಿಗ್ರಾಂ, ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಮಾಂಸದಲ್ಲಿ ರಂಜಕ ಬಹಳ, ಸುಣ್ಣ ಅತ್ಯಲ್ಪ. ರಕ್ತದಲ್ಲಿ ಸುಣ್ಣ ಕಡಿಮೆಯಾದಾಗ ದೇಹ ಅದನ್ನು ಮೂಳೆಯಿಂದಲೇ ಎಳೆದುಕೊಳ್ಳುತ್ತದೆ. ಮೂಳೆ ತೆಳುವಾಗಿ, ಬಾಗಿ, ಸಣ್ಣ ನೆಗೆತಕ್ಕೂ ಸೀಳುತ್ತದೆ. ಮುದ್ದೆ ತಿನ್ನುವ ಮರಿಯ ಸ್ಥಿತಿ ಅನ್ನ ಮಾತ್ರ ತಿನ್ನುವುದಕ್ಕಿಂತ ಮೇಲು. ಆದರೆ ರಾಗಿಯ ಸುಣ್ಣವೆಲ್ಲ ಮೈಗೆ ಹತ್ತುವುದಿಲ್ಲ, ಮರಿಯ ಬೆಳವಣಿಗೆಗೆ ಮುದ್ದೆಯೊಂದೇ ಸಾಲದು.

ಹಾಗೆಂದು ಸುಣ್ಣದ ಸಿರಪ್ಪನ್ನು ಮನಬಂದಂತೆ ಕುಡಿಸಬಾರದು. ದೊಡ್ಡ ತಳಿಯ ಮರಿಗೆ ಹೆಚ್ಚಾದ ಸುಣ್ಣವನ್ನು ತಡೆದುಕೊಳ್ಳುವ ಶಕ್ತಿಯಿಲ್ಲ, ಅದರಿಂದಲೂ ಮೂಳೆ ವಕ್ರವಾಗುತ್ತದೆ. ಸಿದ್ಧ ಆಹಾರ ತಿನ್ನುವ ಮರಿಗೆ ಸಾಮಾನ್ಯವಾಗಿ ಬೇರೆ ಸುಣ್ಣ ಬೇಕಿಲ್ಲ. ಮರಿ ಏನು ತಿನ್ನುತ್ತದೆ, ಎಷ್ಟು ತಿನ್ನುತ್ತದೆ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಉಣ್ಣೆಯಿಂದ ಬರುವ ಕೀಲು ನೋವು

ದನದ ಕೊಟ್ಟಿಗೆ, ಹುಲ್ಲು, ಕಲ್ಲಿನ ಸಂದಿಗಳಿರುವ ನಮ್ಮ ತೋಟಗಳಲ್ಲಿ ನಾಯಿಗೆ ಉಣ್ಣೆ ಹತ್ತುವುದು ಸಾಮಾನ್ಯ. ನಾಯಿಯ ಉಣ್ಣೆ ಹರಡುವ ಎರ್ಲಿಕಿಯ ಎಂಬ ಸೂಕ್ಷ್ಮಜೀವಿ ಜ್ವರ, ಮಂಕು, ಬಿಳಿಚಿದ ವಸಡು, ಕೆಲವೊಮ್ಮೆ ಮೂಗಿನಲ್ಲಿ ರಕ್ತ, ಜೊತೆಗೆ ಕೀಲುಗಳ ಉರಿಯನ್ನು ತರುತ್ತದೆ. ಇದಕ್ಕೆ ರಕ್ತ ಪರೀಕ್ಷೆ ಬೇಕು. ರೋಗ ಖಚಿತವಾದರೆ ಸಾಮಾನ್ಯವಾಗಿ ನಾಲ್ಕು ವಾರ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಎರಡೇ ದಿನದಲ್ಲಿ ಮರಿ ಚುರುಕಾದರೂ ಔಷಧವನ್ನು ನಡುವೆ ನಿಲ್ಲಿಸಬಾರದು.

ಎಕ್ಸ್‌ರೇ ಹೇಳುವುದು, ಹೇಳದಿರುವುದು

ಸೊಂಟದ ಎಕ್ಸ್‌ರೇ ತೆಗೆಯುವಾಗ ಮರಿಯನ್ನು ಬೆನ್ನ ಮೇಲೆ ಮಲಗಿಸಿ ಎರಡೂ ಕಾಲುಗಳನ್ನು ನೇರವಾಗಿ ಎಳೆದು ಹಿಡಿಯಬೇಕು. ನೋವಿರುವ ಮರಿ ಇದಕ್ಕೆ ಒಪ್ಪದು. ಬಿಗಿದ ಸ್ನಾಯು ಸಡಿಲ ಕೀಲನ್ನು ಮರೆಮಾಡುತ್ತದೆ. ಆದ್ದರಿಂದ ಮಂಪರು ಬರಿಸುವ ಮದ್ದು ಕೊಟ್ಟು ಚಿತ್ರ ತೆಗೆಯುವುದು ಸರಿಯಾದ ಕ್ರಮ, ಅದಕ್ಕೆ ಹೆದರಬೇಕಾಗಿಲ್ಲ. ಅದೇ ಹೊತ್ತಿನಲ್ಲಿ ವೈದ್ಯರು ಕೈಯಿಂದ ಒತ್ತಿ ಗುಂಡು ಗುಳಿಯಿಂದ ಜಾರುತ್ತದೆಯೇ ಎಂದೂ ನೋಡಬಹುದು.

ಇಲ್ಲೊಂದು ಮಾತನ್ನು ಬೆಳೆಗಾರರು ನೆನಪಿಡಬೇಕು. ಚಿತ್ರದಲ್ಲಿ ಕೀಲು ಕೆಟ್ಟಿದ್ದರೂ ಚೆನ್ನಾಗಿ ಓಡುವ ನಾಯಿಗಳಿವೆ. ಉದಾಹರಣೆಗೆ, ಏಳು ತಿಂಗಳ ಆಲ್ಸೇಷಿಯನ್ ಒಂದರ ಚಿತ್ರದಲ್ಲಿ ಕೀಲು ತುಸು ಸಡಿಲವಿದೆ ಎನ್ನೋಣ. ಅದಕ್ಕೆ 104 ಡಿಗ್ರಿ ಜ್ವರವೂ ಇದ್ದು ಮೈತುಂಬ ಉಣ್ಣೆಯಿದ್ದರೆ, ಇಂದಿನ ನೋವಿಗೆ ಕಾರಣ ಸಡಿಲ ಕೀಲಲ್ಲ, ಉಣ್ಣೆ ಜ್ವರವಿರಬಹುದು. ಕೀಲನ್ನು ದೂರಿ ಸುಮ್ಮನಾದರೆ ಗುಣವಾಗುವ ರೋಗವೇ ಮರಿಯನ್ನು ಕೊಲ್ಲುತ್ತದೆ. ಜ್ವರವಿದ್ದು ಬೆನ್ನೆಲುಬು ಒತ್ತಿದರೆ ನೋವಾಗುವುದಾದರೆ ಬೆನ್ನಿನ ಸೋಂಕನ್ನೂ ಪರೀಕ್ಷಿಸಬೇಕು. ಆದ್ದರಿಂದ ಚಿತ್ರ, ರಕ್ತ, ನಡಿಗೆ ಮೂರೂ ಒಂದೇ ಕಡೆ ಬೆರಳು ತೋರಿದಾಗ ಮಾತ್ರ ಕಾರಣ ಸಿಕ್ಕಿತೆಂದು ತಿಳಿಯಬೇಕು. ನಮ್ಮ ಭಾಗದವರು ಮೊದಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ತೋರಿಸಿ, ಅವರು ಬರೆದುಕೊಟ್ಟರೆ ಹಾಸನದ ಅಥವಾ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗಬಹುದು.

ಕಾರಣ ತಿಳಿದ ಮೇಲೆ

ಹಿಪ್ ಡಿಸ್‌ಪ್ಲೇಸಿಯಾ ಇರುವ ಬಹಳಷ್ಟು ನಾಯಿಗಳು ಮೈತೂಕ ಇಳಿಸಿ, ನೆಗೆತ ತಪ್ಪಿಸಿ, ದಿನವೂ ಹಿತವಾಗಿ ನಡೆಸಿ, ಕೆರೆಕಟ್ಟೆಯಲ್ಲಿ ಈಜಿಸಿದರೆ ವರ್ಷಗಟ್ಟಲೆ ಬದುಕುತ್ತವೆ. ಗುಳಿಯ ಬೆಳವಣಿಗೆಯನ್ನು ತಿದ್ದುವ ಒಂದು ಶಸ್ತ್ರಚಿಕಿತ್ಸೆ ಐದು ತಿಂಗಳೊಳಗೆ, ಇನ್ನೊಂದು ಸುಮಾರು ಹತ್ತು ತಿಂಗಳೊಳಗೆ ಮಾತ್ರ ಸಾಧ್ಯ. ಪರ್ಥಿಸ್ ರೋಗದಲ್ಲಿ ಸತ್ತ ಗುಂಡನ್ನು ತೆಗೆದುಹಾಕಿದರೆ ಸಣ್ಣ ನಾಯಿ ಚೆನ್ನಾಗಿಯೇ ನಡೆಯುತ್ತದೆ.

ಮರಿ ತರುವ ಮುನ್ನ

ದೊಡ್ಡ ತಳಿಯ ಮರಿ ಕೊಳ್ಳುವವರು ತಾಯಿ ತಂದೆಯರ ಸೊಂಟದ ಎಕ್ಸ್‌ರೇ ತೋರಿಸಲು ಕೇಳಬೇಕು. ಗ್ರೇಹೌಂಡ್‌ನಂಥ ಓಟದ ತಳಿಗಳಲ್ಲಿ ಈ ದೋಷ ಬಹು ಅಪರೂಪ. ನಮ್ಮ ಮುಧೋಳ ನಾಯಿಯೂ ಅದೇ ಮೈಕಟ್ಟಿನದು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೆ ಗಮನಿಸಿದಾಗ, ಜೊತೆಯವಕ್ಕಿಂತ ಕಾಲು ಭಾಗ ಕಡಿಮೆ ತಿಂದವುಗಳಲ್ಲಿ ಸೊಂಟದ ದೋಷ ಕಡಿಮೆಯಿತ್ತು. ಅವು ಹೆಚ್ಚುಕಡಿಮೆ ಎರಡು ವರ್ಷ ಹೆಚ್ಚು ಬದುಕಿದವು. ನಾರ್ವೆಯಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನದಂತೆ, ಮೂರು ತಿಂಗಳೊಳಗೆ ಮೆಟ್ಟಿಲು ಹತ್ತಿಳಿದ ಮರಿಗಳಿಗೆ ಅಪಾಯ ಹೆಚ್ಚು, ಹೊರಗೆ ಬಿಟ್ಟು ಆಡಿಸಿದ ಮರಿಗಳಿಗೆ ಕಡಿಮೆ.

ಈ ದೃಷ್ಟಿಯಿಂದ ತೋಟದ ಮನೆಯವರು ಭಾಗ್ಯವಂತರು. ನುಣುಪಾದ ಗ್ರಾನೈಟ್ ನೆಲದ ಮೇಲೆ ಜಾರುವ ಮರಿಗಿಂತ, ತೆಂಗಿನ ಬುಡದ ಮೆತ್ತನೆಯ ಮಣ್ಣಿನಲ್ಲಿ ಓಡುವ ಮರಿಯ ಕೀಲು ಗಟ್ಟಿಯಾಗುತ್ತದೆ. ಮರಿಯನ್ನು ಮಣ್ಣಿನಲ್ಲಿ ಆಡಲು ಬಿಡಿ, ಪಕ್ಕೆಲುಬು ಕೈಗೆ ಸಿಗುವಷ್ಟು ಹದವಾಗಿ ಉಣಿಸಿ, ಮೂರು ತಿಂಗಳಿಗೆ ಹುಚ್ಚುನಾಯಿ ಲಸಿಕೆ ಹಾಕಿಸಿ, ವಾರಕ್ಕೊಮ್ಮೆ ಉಣ್ಣೆ ನೋಡಿ. ಕುಂಟು ಮೂರು ದಿನಕ್ಕಿಂತ ಹೆಚ್ಚು ನಿಂತರೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಕಾಲು ನೆಲಕ್ಕೆ ಊರದಿದ್ದರೆ ಅಷ್ಟೂ ಕಾಯದೆ ಅಂದೇ ಹೊರಡಿ.