ಟರ್ಬೊ ಕೆಟ್ಟರೆ ಮೊದಲು ಆಯಿಲ್ ನೋಡಿ

ಘಾಟಿ ಹತ್ತುವಾಗ ಗಾಡಿ ಮೊದಲಿನಂತೆ ಎಳೆಯುವುದಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಬಾನೆಟ್ ಒಳಗಿಂದ ಸಿಳ್ಳೆ ಏರುತ್ತದೆ. ಹಿಂದೆ ನೀಲಿ ಹೊಗೆ. ಹತ್ತು ಹನ್ನೆರಡು ವರ್ಷ ಓಡಿದ ಡೀಸೆಲ್ ಕಾರಿನಲ್ಲಿ ಈ ಮೂರೂ ಒಟ್ಟಿಗೆ ಕಾಣಿಸಿಕೊಂಡರೆ ಮೆಕ್ಯಾನಿಕ್ ಬಾಯಿಂದ ಬರುವ ಮೊದಲ ಮಾತು, ‘ಟರ್ಬೊ ಹೋಗಿದೆ’.

ಇಂಥ ಕಾರುಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಫಿಯಟ್ ರೂಪಿಸಿದ 1248 ಸಿಸಿಯ ಮಲ್ಟಿಜೆಟ್ ಡೀಸೆಲ್ ಎಂಜಿನ್ ಒಂದೇ ಮಾರುತಿ ಸ್ವಿಫ್ಟ್, ಡಿಸೈರ್, ಟಾಟಾ ಇಂಡಿಕಾ ವಿಸ್ಟಾ, ಫಿಯಟ್ ಪುಂಟೊಗಳನ್ನು ಓಡಿಸಿತು. 2020ರಲ್ಲಿ ಬಿಎಸ್6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು. ಆದರೆ ಮಾರಿದ ಕಾರುಗಳು ಇನ್ನೂ ರಸ್ತೆಯಲ್ಲಿವೆ, ಅವುಗಳ ಟರ್ಬೊಗಳಿಗೂ ವಯಸ್ಸಾಗಿದೆ.

ಓಣಿಗೊಂದು ಗ್ಯಾರೇಜ್ ಇರುವ ನಮ್ಮ ಊರುಗಳಲ್ಲಿ ಟರ್ಬೊವನ್ನು ಮನೆಯಂಗಳದಲ್ಲೇ ಬದಲಿಸುವವರು ವಿರಳ. ಮೆಕ್ಯಾನಿಕ್ ಕೂಲಿ ದುಬಾರಿಯಾದ ಯುರೋಪು, ಅಮೆರಿಕಗಳಲ್ಲಿ ಮಾಲೀಕರೇ ಸ್ಪ್ಯಾನರ್ ಹಿಡಿಯುವುದು ಹಳೆಯ ರೂಢಿ. ಇಲ್ಲೂ ಆ ಗೀಳು ಹತ್ತಿದವರಿದ್ದಾರೆ. ಆಯಿಲ್, ಬ್ರೇಕ್ ಪ್ಯಾಡ್ ಬದಲಿಸಿ ಕೈ ಪಳಗಿದವರು ಇದಕ್ಕೆ ಇಳಿಯಬಹುದು. ಸ್ಪ್ಯಾನರ್ ಹಿಡಿದ ಮೊದಲ ದಿನದ ಪಾಠವಂತೂ ಇದಲ್ಲ.

ಹೊಗೆಯೇ ಬಂಡವಾಳ

ಎಂಜಿನ್ ಹೊರದಬ್ಬುವ ಬಿಸಿ ಹೊಗೆಯಲ್ಲಿ ಸಾಕಷ್ಟು ಶಕ್ತಿ ಪೋಲಾಗುತ್ತದೆ. ಆ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದೇ ಟರ್ಬೊ. ಗಾಳಿ ಹೆಚ್ಚಿದರೆ ಹೆಚ್ಚು ಇಂಧನ ಉರಿಸಬಹುದು, ಸಣ್ಣ ಎಂಜಿನ್ನಿನಿಂದಲೂ ದೊಡ್ಡ ಕೆಲಸ ತೆಗೆಯಬಹುದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಈ ದಿಕ್ಕಿನಲ್ಲಿ ಪೇಟೆಂಟ್ ಪಡೆದದ್ದು 1905ರಲ್ಲಿ. ಹಡಗು, ವಿಮಾನಗಳಲ್ಲಿ ಪಳಗಿದ ಮೇಲೆ 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್, ಷೆವರ್ಲೆ ಕಾರ್ವೇರ್‌ಗಳ ಮೂಲಕ ಅದು ಮಾರಾಟದ ಕಾರುಗಳಿಗೂ ಬಂತು. ನಮ್ಮ ಹಳೆಯ ಆಲ್ಕೊ ಡೀಸೆಲ್ ರೈಲು ಎಂಜಿನ್ನುಗಳು ನಿಲ್ದಾಣ ಬಿಡುವಾಗ ಕಪ್ಪು ಹೊಗೆ ಕಾರುತ್ತಿದ್ದದ್ದು ಹಲವರಿಗೆ ನೆನಪಿರಬಹುದು. ಟರ್ಬೊ ವೇಗ ಹಿಡಿದು ಸಾಕಷ್ಟು ಗಾಳಿ ಕೊಡುವ ಮೊದಲೇ ಡೀಸೆಲ್ ಬಂದು ಬೀಳುತ್ತಿದ್ದದ್ದು ಅದಕ್ಕೆ ಮುಖ್ಯ ಕಾರಣ.

ಡೀಸೆಲ್ ಕಾರಿನ ಎಂಜಿನ್ ನಿಮಿಷಕ್ಕೆ 5,000 ಸುತ್ತಿನ ಆಸುಪಾಸಿನಲ್ಲೇ ಮಿತಿ ಮುಟ್ಟುತ್ತದೆ. ಅದರ ಪುಟ್ಟ ಟರ್ಬೊದ ದಂಡ 2 ಲಕ್ಷ ಸುತ್ತು ದಾಟಬಲ್ಲದು. ಒಂದು ಬದಿಗೆ 700 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ಹೆಚ್ಚಿನ ಕಾರುಗಳಲ್ಲಿ ಈ ದಂಡ ತೇಲುವುದು ತೆಳ್ಳನೆಯ ಆಯಿಲ್ ಪದರದ ಮೇಲೆ. ಸವೆಯದಂತೆ ಕಾಯುವುದೂ ಆಯಿಲ್, ತಣಿಸುವುದೂ ಆಯಿಲ್.

ಸತ್ತದ್ದೇಕೆ?

ಆದ್ದರಿಂದಲೇ ಟರ್ಬೊ ತಾನಾಗಿ ಸಾಯುವುದು ಅಪರೂಪ. ಆಯಿಲ್ ಕಡಿಮೆಯಾಗಿರುತ್ತದೆ, ಹಳತಾಗಿ ಕೊಳೆತಿರುತ್ತದೆ, ಟರ್ಬೊಗೆ ಆಯಿಲ್ ತರುವ ಸಣ್ಣ ಪೈಪಿನೊಳಗೆ ಕರಿ ಕಟ್ಟಿರುತ್ತದೆ, ಇಲ್ಲವೇ ಏರ್ ಫಿಲ್ಟರ್ ಹರಿದು ಧೂಳು ನುಗ್ಗಿರುತ್ತದೆ. ಕಾರಣ ಹಾಗೇ ಉಳಿದರೆ ಹೊಸ ಟರ್ಬೊಗೂ ಅದೇ ಗತಿ.

ಬಿಚ್ಚುವ ಮೊದಲು ದೋಷ ಟರ್ಬೊದ್ದೇ ಎಂದು ಖಚಿತಪಡಿಸಿಕೊಳ್ಳಿ. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಹೋಸ್ ಸೀಳಿದ್ದರೂ ಗಾಡಿ ಎಳೆಯುವುದಿಲ್ಲ, ಸದ್ದೂ ಬರುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಗಾಳಿ ಬರುವ ಹೋಸ್ ತೆಗೆದು ದಂಡವನ್ನು ಬೆರಳಲ್ಲಿ ಅಲುಗಿಸಿ ನೋಡಿ. ಅಡ್ಡಡ್ಡ ತುಸು ಅಲುಗಾಡುವುದು ಸಹಜ. ಹಿಂದೆ ಮುಂದೆ ಜಗ್ಗಿದರೆ, ಚಕ್ರದ ಅಂಚು ಗೋಡೆಗೆ ಉಜ್ಜಿದ ಗುರುತಿದ್ದರೆ, ರೆಕ್ಕೆ ಮುರಿದಿದ್ದರೆ ಬದಲಿಸದೆ ಗತಿಯಿಲ್ಲ. ಕೊಳ್ಳುವಾಗ ಹಳೆಯದರ ಮೇಲಿನ ಪಾರ್ಟ್ ನಂಬರ್ ತಾಳೆ ನೋಡಿ. ದಂಡ, ಚಕ್ರಗಳಿರುವ ಒಳಗಿನ ಕೋರ್ ಬಿಚ್ಚಲು ಹೋಗಬೇಡಿ. ಅದನ್ನು ಸಮತೋಲನಕ್ಕೆ ತರಲು ಬೇರೆಯೇ ಯಂತ್ರ ಬೇಕು.

ಬಿಚ್ಚುವ ಸರದಿ

ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಕಳಚಿ. ಗಾಡಿಯ ಕೆಳಗೆ ಹೋಗಬೇಕಿದ್ದರೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ನುಸುಳಬೇಡಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಹೋಸ್‌ಗಳು, ಶಾಖ ತಡೆಯುವ ತಗಡು, ಸೈಲೆನ್ಸರ್ ಕಡೆಯ ಪೈಪು, ಆಯಿಲ್ ಬರುವ ಮತ್ತು ಹೋಗುವ ಪೈಪುಗಳು, ಕೊನೆಗೆ ಟರ್ಬೊ ಹಿಡಿದಿರುವ ನಟ್ಟುಗಳು: ಬಿಚ್ಚುವ ಸರದಿ ಸಾಮಾನ್ಯವಾಗಿ ಹೀಗೆ.

ಕೆಲಸ ಕೈಕೊಡುವುದು ಈ ನಟ್ಟುಗಳಲ್ಲೇ. ವರ್ಷಗಟ್ಟಲೆ ಕಾದು ತಣಿದು ತುಕ್ಕು ಹಿಡಿದ ಸ್ಟಡ್‌ಗಳು ಜೋರು ಹಾಕಿದರೆ ಮುರಿಯುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ಮರುದಿನ ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿದು, ಮತ್ತೆ ಸಡಿಲಿಸುತ್ತ ಹೊರತೆಗೆಯಬೇಕು. ಇಲ್ಲಿ ಅವಸರಪಟ್ಟವರು ಲೇತ್ ಅಂಗಡಿ ಹುಡುಕಬೇಕಾಗುತ್ತದೆ.

ಜೋಡಿಸುವಾಗ ಗ್ಯಾಸ್ಕೆಟ್, ತಾಮ್ರದ ವಾಷರ್ ಎಲ್ಲ ಹೊಸದೇ ಇರಲಿ. ಆಯಿಲ್ ತರುವ ಪೈಪನ್ನು ತೊಳೆದು ಬಳಸುವ ಬದಲು ಹೊಸದನ್ನೇ ಹಾಕುವುದು ಲೇಸು. ಆ ಪೈಪಿನ ಜೋಡಣೆಗೆ ಸಿಲಿಕೋನ್ ಪೇಸ್ಟ್ ಬಳಿಯಲೇಬಾರದು. ಅದರ ಚೂರೊಂದು ಸಾಕು ಆಯಿಲ್ ದಾರಿ ಮುಚ್ಚಲು. ಇಂಟರ್‌ಕೂಲರ್‌ನಲ್ಲಿ ನಿಂತ ಹಳೆಯ ಆಯಿಲ್, ಮುರಿದ ರೆಕ್ಕೆಯ ಚೂರುಗಳನ್ನು ಪೂರ್ತಿ ತೆಗೆಯಿರಿ. ನಿಂತ ಆಯಿಲ್ ಒಮ್ಮೆಲೇ ಒಳಹೋದರೆ ಡೀಸೆಲ್ ಎಂಜಿನ್ ಅದನ್ನೇ ಉರಿಸುತ್ತ, ಕೀ ತೆಗೆದರೂ ನಿಲ್ಲದೆ ಓಡಬಹುದು. ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ನಟ್ಟುಗಳನ್ನು ಕಂಪನಿಯ ಕೈಪಿಡಿ ಹೇಳಿದಷ್ಟೇ ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ.

ಇನ್ನು ಸ್ಟಾರ್ಟ್ ಮಾಡುವುದು. ಆಯಿಲ್ ತಲುಪದೆ ತಿರುಗಿದರೆ ಹೊಸ ದಂಡ ಕೆಲವೇ ಕ್ಷಣಗಳಲ್ಲಿ ಉಜ್ಜಿಹೋಗುತ್ತದೆ. ಟರ್ಬೊದ ಆಯಿಲ್ ತೂತಿಗೆ ಶುದ್ಧ ಆಯಿಲ್ ಹನಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ. ಆಮೇಲೆ ಬ್ಯಾಟರಿಯ ತಂತಿ ಮತ್ತೆ ಸೇರಿಸಿ, ಇಂಧನ ತಡೆದು ಸ್ಟಾರ್ಟರ್ ಮಾತ್ರ ಬಿಟ್ಟುಬಿಟ್ಟು ಸುತ್ತಿಸಿ. ಆಯಿಲ್ ಒತ್ತಡದ ದೀಪ ಆರಿದ ಮೇಲಷ್ಟೇ ಎಂಜಿನ್ ಎಬ್ಬಿಸಿ. ಕೆಲವು ನಿಮಿಷ ಐಡಲ್‌ನಲ್ಲೇ ಬಿಟ್ಟು ಎಲ್ಲಾದರೂ ಸೋರುತ್ತಿದೆಯೇ ನೋಡಿ. ಉಳಿದ ಹಳೆಯ ಆಯಿಲ್ ಉರಿಯುವವರೆಗೆ ತುಸು ಹೊಗೆ ಬಂದರೆ ಗಾಬರಿ ಬೇಡ. ಅದು ಕಡಿಮೆಯಾಗದಿದ್ದರೆ ಎಂಜಿನ್ ನಿಲ್ಲಿಸಿ ಮತ್ತೆ ಪರೀಕ್ಷಿಸಿ.

ಕೂಲಿ ಉಳಿಸಲೆಂದೇ ಈ ಕೆಲಸಕ್ಕೆ ಇಳಿಯುವುದಾದರೆ ಲೆಕ್ಕ ಸರಿಹೋಗುವ ಭರವಸೆಯಿಲ್ಲ. ಸ್ಟಡ್ ಮುರಿದರೆ ಉಳಿದದ್ದೂ ಹೋಗುತ್ತದೆ. ಗಾಡಿಯನ್ನು ಅರಿಯುವ ಆಸೆಯಿದ್ದರೆ ಧೈರ್ಯವಾಗಿ ಮಾಡಿ. ಮುಗಿದ ಮೇಲೆ ಕಂಪನಿ ಹೇಳಿದ ದರ್ಜೆಯ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತಿರಿ. ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ನಿಲ್ಲಿಸಿದಾಗ ಒಂದೆರಡು ನಿಮಿಷ ಐಡಲ್‌ನಲ್ಲಿಟ್ಟು ಕೀ ತೆಗೆಯಿರಿ. ಟರ್ಬೊ ನಿಮ್ಮಿಂದ ಕೇಳುವುದು ಇಷ್ಟೇ.