ಕೊರಳಿನ ಗ್ರಂಥಿ, ತಲೆಯ ಗಂಟು

ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಕಡೆ ಕಾಲುವೆಯ ನೀರಿನಿಂದ ಬೆಳೆಯುವ ಗದ್ದೆಗಳನ್ನು ಕಂಡವರಿಗೆ ನಾವು ಹೇಳಹೊರಟ ವಿಷಯವು ಸುಲಭವಾಗಿ ಮನದಟ್ಟಾದೀತು. ಗದ್ದೆ ಒಣಗಿದರೆ ರೈತನು ತೂಬನ್ನು ತೆರೆಯುತ್ತಾನೆ. ನೀರು ಸಾಕಾದೊಡನೆ ಮುಚ್ಚುತ್ತಾನೆ. ನಮ್ಮ ದೇಹದಲ್ಲಿಯೂ ಇಂಥ ಏರ್ಪಾಡುಂಟು. ಕೊರಳಿನ ಥೈರಾಯ್ಡ್ ಗ್ರಂಥಿಯೇ ತೂಬು, ಅದರಿಂದ ಹರಿಯುವ ಥೈರಾಕ್ಸಿನ್ ಎಂಬ ಹಾರ್ಮೋನೇ ನೀರು. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯೇ ರೈತ. ಟಿ.ಎಸ್.ಎಚ್. ಎಂಬ ಚೋದಕವು ತೂಬನ್ನು ತೆರೆಯುವ ಅವನ ಕೈ.

ಥೈರಾಕ್ಸಿನ್ ಕುಂದಿದರೆ ಟಿ.ಎಸ್.ಎಚ್. ಏರುವುದು, ಹೆಚ್ಚಿದರೆ ಇಳಿಯುವುದು. ರಕ್ತಪರೀಕ್ಷೆಯಲ್ಲಿ ಅನೇಕ ವೇಳೆ ಇದೊಂದೇ ಅಂಕಿಯನ್ನು ನೋಡುವುದು ಈ ಲೆಕ್ಕದಿಂದಲೇ. (ಇಷ್ಟು ಅಲ್ಪ ಪ್ರಮಾಣದ ಹಾರ್ಮೋನುಗಳನ್ನು ಅಳೆಯುವ ವಿಧಾನಕ್ಕಾಗಿ 1977ರಲ್ಲಿ ನೊಬೆಲ್ ಪಡೆದ ರೋಸಲಿನ್ ಯಾಲೋ ಭೌತವಿಜ್ಞಾನಿಯೆಂಬುದು ನಮಗೊಂದು ಹೆಮ್ಮೆ.) ಆದರೆ ರೈತನೇ ಕಾಯಿಲೆ ಬಿದ್ದರೆ?

ಪಿಟ್ಯುಟರಿಯಲ್ಲಿ ಏಳುವ ಗಂಟುಗಳು ಬಹುತೇಕ ಕ್ಯಾನ್ಸರಲ್ಲ; ಆದರೆ ಕೆಲವು ಮಿತಿಯಿಲ್ಲದೆ ಹಾರ್ಮೋನು ಸುರಿಸುತ್ತವೆ. ಬೆಳವಣಿಗೆಯ ಹಾರ್ಮೋನು ಹೆಚ್ಚಿದರೆ ಕೈಕಾಲು, ದವಡೆಗಳು ದಪ್ಪವಾಗುವುವು. ಫ್ರಾನ್ಸಿನ ಪಿಯರ್ ಮಾರಿ 1886ರಲ್ಲಿ ಈ ರೋಗಕ್ಕೆ ಅಕ್ರೊಮೆಗಲಿ ಎಂದು ಹೆಸರಿಟ್ಟನು. ಆ ಹಾರ್ಮೋನಿನ ಪ್ರೇರಣೆಯಿಂದ ಯಕೃತ್ತು ಬಿಡುವ ಐ.ಜಿ.ಎಫ್.-1 ಎಂಬ ವಸ್ತುವು ಥೈರಾಯ್ಡಿನ ಕೋಶಗಳನ್ನೂ ಬೆಳೆಸುತ್ತದೆ. ಆದುದರಿಂದ ಇಂಥವರಲ್ಲಿ ಅನೇಕರಿಗೆ ಕೊರಳು ಊದಿ ಗಳಗಂಡವಾಗುವುದು. ಗಳಗಂಡವೆಂದರೆ ಅಯೋಡಿನ್ ಕೊರತೆಯೆಂದೇ ನಮ್ಮ ಜನರ ಎಣಿಕೆ. ಈ ಗಳಗಂಡವು ಅಯೋಡಿನ್ ಉಪ್ಪಿಗೆ ಬಗ್ಗದು.

ಟಿ.ಎಸ್.ಎಚ್. ಅನ್ನೇ ಸುರಿಸುವ ಗಂಟು ಬಹಳ ಅಪರೂಪ. ಆಗ ಗದ್ದೆ ತುಂಬಿ ಹರಿದರೂ ಕೈ ತೂಬನ್ನು ತೆರೆಯುತ್ತಲೇ ಇರುತ್ತದೆ. ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ಮೈ ಇಳಿಯುವುದು. ಥೈರಾಕ್ಸಿನ್ ಹೆಚ್ಚಿದ್ದರೂ ಟಿ.ಎಸ್.ಎಚ್. ತಗ್ಗಿರುವುದಿಲ್ಲ, ಈ ಅಸಂಗತಿಯೇ ಸುಳಿವು. ಇದನ್ನು ಕಾಣದೆ ಕೊರಳಿನ ಗ್ರಂಥಿಯನ್ನು ಕತ್ತರಿಸಿದರೆ ರೋಗದ ಬೇರು ತಲೆಯಲ್ಲಿಯೇ ಉಳಿಯುವುದು. ಅಷ್ಟೇ ಅಲ್ಲ, ಇದ್ದಬದ್ದ ಅಂಕುಶವೂ ತಪ್ಪಿ ಗಂಟು ಇನ್ನಷ್ಟು ಬೆಳೆಯಬಹುದು. ಸಾಮಾನ್ಯವಾಗಿ ಮೂಗಿನ ಮೂಲಕ ಶಸ್ತ್ರಕ್ರಿಯೆ ಮಾಡಿ ಗಂಟನ್ನು ತೆಗೆಯುತ್ತಾರೆ.

ದೊಡ್ಡ ಗಂಟು ಯಾವುದೇ ಆಗಲಿ, ಪಕ್ಕದ ಆರೋಗ್ಯವಂತ ಕೋಶಗಳನ್ನು ಅದುಮಿ ಕೈಯನ್ನೇ ಸೋಲಿಸಬಹುದು. ಥೈರಾಕ್ಸಿನ್ ಕುಸಿದು ರೋಗಿಗೆ ಚಳಿ, ಆಯಾಸ, ಮಂಕು. ವರದಿಯ ಚೀಟಿಯಲ್ಲಿ ಮಾತ್ರ ಟಿ.ಎಸ್.ಎಚ್. "ಸರಿಯಾಗಿದೆ" ಎಂದಿರುತ್ತದೆ! ಆದ್ದರಿಂದ ಪಿಟ್ಯುಟರಿಯ ರೋಗಿಗಳಲ್ಲಿ ಥೈರಾಕ್ಸಿನನ್ನೂ ಜೊತೆಗೇ ಅಳೆಯಬೇಕು. ಅದು ಕಡಿಮೆಯೆಂದು ತಿಳಿದೊಡನೆ ಮಾತ್ರೆ ಕೊಡುವಂತೆಯೂ ಇಲ್ಲ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗೂ ಪಿಟ್ಯುಟರಿಯೇ ಒಡೆಯ. ಅಲ್ಲಿ ಕಾರ್ಟಿಸಾಲ್ ಕೊರತೆಯಿದ್ದರೆ ಮೊದಲು ಅದನ್ನು ತುಂಬಿಕೊಡಬೇಕು. ಕ್ರಮ ತಪ್ಪಿ ಥೈರಾಕ್ಸಿನ್ ಮೊದಲು ಕೊಟ್ಟರೆ ರೋಗಿಯ ಪ್ರಾಣಕ್ಕೇ ಅಪಾಯ ಬಂದೀತು.