ಬೆಳಕನ್ನು ಮೀರಿದ ನೌಕೆ, ಲೆಕ್ಕಕ್ಕೆ ಸಿಗದ ವೇಗ

ಪುಷ್ಪಕ ವಿಮಾನ ಗಂಟೆಗೆ ಎಷ್ಟು ಮೈಲಿ ಹಾರುತ್ತಿತ್ತೆಂದು ಕೇಳಿದವರಿಲ್ಲ. ಅದರದು ಮನೋವೇಗ, ಅಷ್ಟು ಹೇಳಿದರೆ ಸಾಕು, ಕೇಳುವವರು ತೃಪ್ತರು. ಆದರೆ ವಿಜ್ಞಾನದ ಹೆಸರಿನಲ್ಲಿ ಕಥೆ ಹೇಳಹೊರಟವನಿಗೆ ಈ ಅನುಕೂಲವಿಲ್ಲ. ಅವನು ಅಂಕಿಯನ್ನು ನುಡಿಯಬೇಕು. ನುಡಿದ ಮೇಲೆ ಅದಕ್ಕೆ ಬದ್ಧನಾಗಿರಬೇಕು.

1966ರಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿ ಆರಂಭವಾಯಿತು. ಅದರ ಜನಕ ಜೀನ್ ರಾಡನ್‌ಬೆರಿ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಆದರೂ ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರದಿಂದ ಇಲ್ಲಿಗೆ ಬರಲು ಅದಕ್ಕೆ 4 ವರ್ಷಕ್ಕೂ ಮಿಕ್ಕಿ ಕಾಲ ಬೇಕು. ವಾರಕ್ಕೊಂದು ಹೊಸ ಲೋಕವನ್ನು ತೋರಿಸಬೇಕಾದ ಕಥೆಗಾರರಿಗೆ ಈ ವೇಗ ಎಲ್ಲಿ ಸಾಲೀತು? ಆದ್ದರಿಂದ ‘ವಾರ್ಪ್’ ಎಂಬ ಹೊಸ ಮಾನ ಹುಟ್ಟಿತು. ಸೂತ್ರ ಸರಳವಾದುದು: ವಾರ್ಪ್ ಅಂಕಿಯ ಘನ ಎಷ್ಟೋ, ಬೆಳಕಿಗಿಂತ ಅಷ್ಟು ಮಡಿ ವೇಗ. ವಾರ್ಪ್ 2 ಎಂದರೆ 8 ಮಡಿ; ವಾರ್ಪ್ 6 ಎಂದರೆ 216 ಮಡಿ.

1969ರ ಒಂದು ಕಂತಿನಲ್ಲಿ ಈ ಸೂತ್ರ ಪರೀಕ್ಷೆಗೆ ಒಳಗಾಯಿತು. ನಾಯಕ ಕರ್ಕ್ ಮತ್ತು ಸಂಗಡಿಗರು ಅನ್ನ ನೀರಿಲ್ಲದ ಗ್ರಹವೊಂದರಲ್ಲಿ ಸಿಕ್ಕಿಬಿದ್ದಿದ್ದಾರೆ. ಅವರ ನೌಕೆ 990.7 ಜ್ಯೋತಿರ್ವರ್ಷಗಳಾಚೆಗೆ ಎಸೆಯಲ್ಪಟ್ಟಿದೆ. ವಾರ್ಪ್ 8.4ರಲ್ಲಿ ಓಡಿದರೆ 11 ಗಂಟೆ 20 ನಿಮಿಷದಲ್ಲಿ ಮರಳಬಹುದೆಂಬುದು ನೌಕೆಯವರ ಎಣಿಕೆ. ಸೂತ್ರದಂತೆ ಗುಣಿಸಿದರೆ ಬೇಕಾಗುವುದು ಒಂದು ವರ್ಷ ಎಂಟು ತಿಂಗಳು! ಅಷ್ಟರಲ್ಲಿ ಗ್ರಹದಲ್ಲಿದ್ದವರ ಗತಿ ಏನಾಗುತ್ತಿತ್ತು? ಅವರ ಪ್ರಾಣ ಉಳಿಯಬೇಕಾಗಿತ್ತು, ಗಣಿತ ಸೋಲಬೇಕಾಯಿತು.

1987ರಲ್ಲಿ ಹೊಸ ಸರಣಿಗಾಗಿ ಮಾನವನ್ನು ತಿದ್ದಲಾಯಿತು. ವಾರ್ಪ್ 9 ಎಂದರೆ ಬೆಳಕಿಗಿಂತ ಸುಮಾರು 1,516 ಮಡಿ. ವಾರ್ಪ್ 10 ಎಂದರೆ ಅನಂತ. ಅದಕ್ಕೂ ಮಿಗಿಲಾದುದು ಇಲ್ಲವೆಂದು ವಿಧಿಸಿದರು. ಆದರೆ 1994ರಲ್ಲಿ ಆ ಸರಣಿಯ ಕೊನೆಯ ಕಂತಿನ ಭವಿಷ್ಯದೃಶ್ಯದಲ್ಲಿ ನೌಕೆಗೆ ವಾರ್ಪ್ 13ರ ಆಜ್ಞೆಯಾಯಿತು. ಅನಂತಕ್ಕಿಂತ ಮೂರು ಹೆಚ್ಚು!

1995ರಲ್ಲಿ ಬಂದ ‘ವಾಯೇಜರ್’ ಸರಣಿಯ ಕಥೆಯೆಲ್ಲ ಒಂದೇ ಅಂಕಿಯ ಮೇಲೆ ನಿಂತಿತ್ತು. ಮನೆಗೆ 70,000 ಜ್ಯೋತಿರ್ವರ್ಷ. ಪ್ರಯಾಣ 75 ವರ್ಷ. ಹೊರಟವರಲ್ಲಿ ಎಷ್ಟು ಮಂದಿ ತಮ್ಮವರ ಮುಖ ಕಂಡಾರು? ಅದೇ ವರ್ಷದ ಮತ್ತೊಂದು ಕಂತಿನಲ್ಲಿ ನೌಕೆಯ ಚಾಲಕ ವಾರ್ಪ್ 9.9 ಎಂದರೆ ಸೆಕೆಂಡಿಗೆ 400 ಕೋಟಿ ಮೈಲಿ ಎಂದುಬಿಟ್ಟ. ಆ ವೇಗದಲ್ಲಿ ಮನೆ ಮೂರೂಕಾಲು ವರ್ಷದ ದಾರಿ. ಅಷ್ಟು ವೇಗವನ್ನು ನೌಕೆ ಬಹುಕಾಲ ತಾಳಲಾರದೆಂದು ಅಭಿಮಾನಿಗಳು ಸಮಾಧಾನ ಹೇಳುವುದುಂಟು. ಆದರೂ ಎಪ್ಪತ್ತೈದು ವರ್ಷಗಳ ವಿರಹಕ್ಕೆ ಮರುಗಿದ ಪ್ರೇಕ್ಷಕನಿಗೆ ಕಸಿವಿಸಿಯಾಗದಿರದು.

ಹೀಗೆ ಕಾಗದ ಪೆನ್ಸಿಲು ಹಿಡಿದು ಗುಣಿಸುವವರನ್ನು ಕಥೆಯ ವೈರಿಗಳೆನ್ನುವಂತಿಲ್ಲ. ಆ ನೌಕೆಯನ್ನು ನಿಜವೆಂದು ನಂಬಿದ್ದರಿಂದಲೇ ಅವರು ಲೆಕ್ಕಕ್ಕೆ ಕುಳಿತದ್ದು. ಪುಷ್ಪಕದಂತೆ ಮನೋವೇಗವೆಂದಿದ್ದರೆ ಅವರು ಏನನ್ನೂ ಕೇಳುತ್ತಿರಲಿಲ್ಲ.